ಹೊಟ್ಟೆ ಕಟ್ಟಿದ ಮಗು, ಖಾಲಿ ಮಾಡಬೇಕಾದ ಮನೆ

ಮಕ್ಕಳ ಮಲಬದ್ಧತೆಗೆ ವೈದ್ಯರು ಹೇಳುವ ಸಲಹೆಗಳಲ್ಲಿ ಒಂದು ಎಂದೂ ತಪ್ಪುವುದಿಲ್ಲ: ಊಟವಾದ ಮೇಲೆ ಮಗುವನ್ನು ಐದು ಹತ್ತು ನಿಮಿಷ ಕಕ್ಕಸಿನಲ್ಲಿ ಕೂರಿಸಿ, ಅವಸರ ಮಾಡಬೇಡಿ. ಕಕ್ಕಸು ಮನೆಯೊಳಗಿದೆ, ಅದಕ್ಕೆ ಬಾಗಿಲು, ದೀಪ, ನೀರು ಎಲ್ಲ ಇವೆ, ನಾಳೆಯೂ ಅದೇ ಮನೆ ಇರುತ್ತದೆ ಎಂದು ನಂಬಿಕೊಂಡು ಕೊಟ್ಟ ಸಲಹೆ ಅದು. 2011ರ ಜನಗಣತಿಯ ಪ್ರಕಾರ ದೇಶದ ಕೊಳೆಗೇರಿಗಳಲ್ಲಿ ನೂರರಲ್ಲಿ 34 ಮನೆಗಳಿಗೆ ಸ್ವಂತ ಶೌಚಾಲಯವೇ ಇರಲಿಲ್ಲ. ಅವುಗಳಲ್ಲಿ 15ರಷ್ಟು ಮನೆಯವರು ಸಾರ್ವಜನಿಕ ಶೌಚಾಲಯಕ್ಕೆ ಹೋಗುತ್ತಿದ್ದರು, ಉಳಿದವರಿಗೆ ಬಯಲೇ ಗತಿ. ಸ್ವಚ್ಛ ಭಾರತದ ಬಳಿಕ ಸಾಕಷ್ಟು ಶೌಚಾಲಯಗಳು ಎದ್ದಿವೆ, ನಿಜ. ಆದರೆ ಶೀಟಿನ ಮನೆಯಲ್ಲಿ ಬೆಳೆಯುವ ನಾಲ್ಕು ವರ್ಷದ ಮಗು ದಿನಾ ಬೆಳಿಗ್ಗೆ ಸಾಲಿನಲ್ಲಿ ನಿಂತು, ದೊಡ್ಡವರ ಅಳತೆಯ ಬೇಸಿನ್ನಿನ ಮೇಲೆ ಕತ್ತಲಲ್ಲಿ ಕುಕ್ಕರುಗಾಲಲ್ಲಿ ಕೂರಬೇಕಾದ ಸ್ಥಿತಿ ಎಷ್ಟೋ ಕಡೆ ಹಾಗೇ ಇದೆ. ಆ ಮಗುವಿಗೆ ಚಿಕಿತ್ಸೆ ಹೇಗೆ? ಅದರ ನಡುವೆ ಮನೆಯನ್ನೇ ಕೆಡವಲು ಬಂದರೆ?

ಮೊದಲು ಕಾಯಿಲೆಯ ಒಳಗುಟ್ಟು. ಮಕ್ಕಳ ಮಲಬದ್ಧತೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಕರುಳಿನ ರಚನೆಯಲ್ಲಾಗಲಿ ಹಾರ್ಮೋನಿನಲ್ಲಾಗಲಿ ಯಾವ ದೋಷವೂ ಇರುವುದಿಲ್ಲ. ಯಾವಾಗಲೋ ಒಮ್ಮೆ ಗಟ್ಟಿ ಮಲ ಹೋಗಿ ನೋವಾಗಿರುತ್ತದೆ. ಜ್ವರ ಬಂದು ನೀರು ಕುಡಿಯದೆ ಇದ್ದಾಗ ಆಗಿರಬಹುದು, ಊಟ ಬದಲಾದಾಗ ಆಗಿರಬಹುದು, ಹೊಸದಾಗಿ ಶಾಲೆಗೆ ಸೇರಿದಾಗಲೂ ಆಗಿರಬಹುದು. ಮುಂದಿನ ಸಲ ಒತ್ತಡ ಬಂದಾಗ ಆ ನೋವನ್ನು ನೆನೆದು ಮಗು ತಡೆದುಕೊಳ್ಳುತ್ತದೆ. ತಡೆದಷ್ಟು ಹೊತ್ತೂ ಕರುಳು ಮಲದಿಂದ ನೀರು ಹೀರುತ್ತಲೇ ಇರುತ್ತದೆ. ಮಲ ಇನ್ನಷ್ಟು ಗಟ್ಟಿಯಾಗಿ ದಪ್ಪವಾಗುತ್ತದೆ, ಹೊರಬರುವಾಗ ಮತ್ತೂ ನೋವು, ಹಾಗಾಗಿ ಮತ್ತೂ ತಡೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಗುದನಾಳ ಹಳೆಯ ಲಂಗದ ಎಲಾಸ್ಟಿಕ್ಕಿನಂತೆ ಹಿಗ್ಗಿ ಸಡಿಲವಾಗುತ್ತದೆ. ಆಮೇಲೆ ಎಷ್ಟು ತುಂಬಿದರೂ ಮಗುವಿಗೆ ಹೊರಗೆ ಹೋಗಬೇಕು ಎಂದು ಅನ್ನಿಸುವುದೇ ಇಲ್ಲ.

ತಡೆದುಕೊಳ್ಳುವ ಮಗುವನ್ನು ಹತ್ತಿರದಿಂದ ನೋಡಿದವರಿಗೆ ಇದರ ಲಕ್ಷಣ ಗೊತ್ತು. ಆಡುತ್ತಿದ್ದದ್ದು ತಟ್ಟನೆ ನಿಂತುಬಿಡುತ್ತದೆ. ಬಾಗಿಲ ಸಂದಿಗೋ ಮಂಚದ ಹಿಂದಕ್ಕೋ ಹೋಗಿ, ತುದಿಗಾಲಲ್ಲಿ ನಿಂತು, ಎರಡೂ ತೊಡೆಗಳನ್ನು ಬಿಗಿಯಾಗಿ ಸೇರಿಸಿ, ಯಾವುದನ್ನಾದರೂ ಹಿಡಿದುಕೊಂಡು ಮುಖ ಕೆಂಪಗೆ ಮಾಡಿ ಬೆವರುತ್ತದೆ. ‘ಪಾಪ, ಮುಕ್ಕುತ್ತಿದೆ’ ಅಂದುಕೊಳ್ಳುತ್ತಾಳೆ ತಾಯಿ. ವಾಸ್ತವ ಅದಕ್ಕೆ ತಿರುಗುಮುರುಗು: ಹೊರಗೆ ಬರದಂತೆ ಬಿಗಿಹಿಡಿಯಲು ಮಗು ತನ್ನ ಶಕ್ತಿಯನ್ನೆಲ್ಲ ಹಾಕುತ್ತಿದೆ.

ಇದಕ್ಕಿಂತ ದಾರಿ ತಪ್ಪಿಸುವ ಲಕ್ಷಣ ಇನ್ನೊಂದಿದೆ. ಒಳಗೆ ಗಟ್ಟಿ ಮಲ ಗಂಟಾಗಿ ಕೂತಾಗ ಅದರ ಪಕ್ಕದಿಂದ ನೀರಾದ ಮಲ ಜಿನುಗಿ ಚಡ್ಡಿ ಕೊಳೆಯಾಗುತ್ತದೆ. ಮನೆಯವರು ಭೇದಿ ಎಂದು ತಿಳಿದು ಭೇದಿ ನಿಲ್ಲಿಸುವ ಮಾತ್ರೆ ತರುತ್ತಾರೆ, ಕಟ್ಟಿದ ಹೊಟ್ಟೆ ಇನ್ನೂ ಕಟ್ಟುತ್ತದೆ. ಐದಾರು ವರ್ಷದ ಮಗು ಚಡ್ಡಿಯಲ್ಲಿ ಮಾಡಿಕೊಂಡರೆ ಸೋಮಾರಿ ಎಂದು ಬೈಗುಳ, ಕೆಲವು ಮನೆಗಳಲ್ಲಿ ಏಟು. ಜಿನುಗುವುದು ಆ ಮಗುವಿಗೆ ತಿಳಿಯುವುದೂ ಇಲ್ಲ, ತಡೆಯುವುದು ಅದರ ಕೈಯಲ್ಲೂ ಇಲ್ಲ. ಒಂದೇ ನಲ್ಲಿಯ ಕೆಳಗೆ ಹತ್ತು ಮನೆಯವರು ಬಟ್ಟೆ ಒಗೆಯುವ ಕಡೆ ಈ ಚಡ್ಡಿ ಗುಟ್ಟಾಗಿ ಉಳಿಯುವುದಿಲ್ಲ. ಅಕ್ಕಪಕ್ಕದ ಮಕ್ಕಳು ಇಟ್ಟ ಅಡ್ಡಹೆಸರು ಕಾಯಿಲೆ ವಾಸಿಯಾದ ಮೇಲೂ ಉಳಿಯುತ್ತದೆ.

ವಾರಕ್ಕೆ ಎರಡು ಸಲ ಅಥವಾ ಅದಕ್ಕೂ ಕಡಿಮೆ ಹೋಗುವುದು, ತಡೆದುಕೊಳ್ಳುವುದು, ನೋವಿನಿಂದ ಗಟ್ಟಿ ಮಲ, ಶೌಚಗುಂಡಿ ಕಟ್ಟುವಷ್ಟು ದಪ್ಪ ಮಲ, ಚಡ್ಡಿಯಲ್ಲಿ ಜಿನುಗುವುದು, ಗುದನಾಳದಲ್ಲಿ ವೈದ್ಯರ ಕೈಗೆ ಸಿಗುವ ಗಂಟು. ಇವುಗಳಲ್ಲಿ ಎರಡಾದರೂ ಒಂದು ತಿಂಗಳಿಂದ ಇದ್ದರೆ ದೀರ್ಘಕಾಲದ ಮಲಬದ್ಧತೆ ಎಂದೇ ವೈದ್ಯರ ಲೆಕ್ಕ. ಕೆಲವನ್ನು ಮಾತ್ರ ಮನೆಯಲ್ಲಿ ಕಾಯುತ್ತ ಕೂರುವಂತಿಲ್ಲ: ಹುಟ್ಟಿದ 48 ಗಂಟೆಯೊಳಗೆ ಮೊದಲ ಮಲ ಹೋಗಿರದಿದ್ದರೆ, ಹಸಿರು ವಾಂತಿಯಾದರೆ, ಹೊಟ್ಟೆ ಉಬ್ಬಿ ತೂಕ ಏರದಿದ್ದರೆ, ಕಾಲುಗಳಲ್ಲಿ ಬಲ ಕಡಿಮೆಯಿದ್ದರೆ, ಸೊಂಟದ ಕೆಳಗೆ ಬೆನ್ನಿನ ಮೇಲೆ ಕೂದಲ ಗುಚ್ಛವೋ ಗುಳಿಯೋ ಕಂಡರೆ. ಇಂಥ ಮಗುವನ್ನು ಮಕ್ಕಳ ತಜ್ಞರಿಗೆ ಬೇಗ ತೋರಿಸಬೇಕು. ಬೆಂಗಳೂರಿನಲ್ಲಾದರೆ ವಾಣಿವಿಲಾಸ ಆಸ್ಪತ್ರೆ, ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇವೆ. ಬೇರೆಡೆ ಜಿಲ್ಲಾ ಆಸ್ಪತ್ರೆ.

ಚಿಕಿತ್ಸೆಗೆ ಬಂದರೆ, ಎಲ್ಲರ ಬಾಯಲ್ಲೂ ಮೊದಲು ಬರುವುದು ಬಾಳೆಹಣ್ಣು. ಹಣ್ಣು, ಸೊಪ್ಪು, ರಾಗಿ, ಸಾಕಷ್ಟು ನೀರು ಎಲ್ಲ ಬೇಕು. ಬನ್ನು, ಬಿಸ್ಕತ್ತು, ಟೀ ಮೇಲೆ ಬೆಳಗು ಕಳೆಯುವ ಮಗುವಿಗಂತೂ ಬೇಕೇ ಬೇಕು. ಹಾಲು ಅತಿಯಾಗಿ ಕುಡಿಯುವ ಮಗುವಿಗೆ ಅದನ್ನು ಕಡಿಮೆ ಮಾಡಬೇಕು. ಆದರೆ ಗಂಟಾಗಿ ಕೂತ ಮಲವನ್ನು ಬಾಳೆಹಣ್ಣು ಕರಗಿಸುವುದಿಲ್ಲ. ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜಠರಕರುಳು ತಜ್ಞರ ಸಂಘಗಳು 2014ರಲ್ಲಿ ಒಟ್ಟಾಗಿ ಕೊಟ್ಟ ಮಾರ್ಗಸೂಚಿ ಹೇಳುವುದೂ ಇದನ್ನೇ: ವಯಸ್ಸಿಗೆ ತಕ್ಕ ನಾರು, ನೀರು ಸಾಕು, ಅದಕ್ಕಿಂತ ಹೆಚ್ಚು ಕೊಟ್ಟರೆ ಲಾಭವೆಂಬುದಕ್ಕೆ ಪುರಾವೆಯಿಲ್ಲ, ವಾಸಿ ಮಾಡುವುದು ಔಷಧಿ. ಮೊದಲ ಆಯ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿ, ಅದು ಸಿಗದಿದ್ದರೆ ಲ್ಯಾಕ್ಟುಲೋಸ್ ಸಿರಪ್. ಎರಡೂ ಕರುಳಿನೊಳಗೆ ನೀರು ಹಿಡಿದಿಟ್ಟು ಮಲವನ್ನು ಮೆತ್ತಗಿಡುತ್ತವೆ, ಅಷ್ಟೆ. ‘ಅಭ್ಯಾಸ ಬಿದ್ದುಬಿಡುತ್ತೆ’ ಎನ್ನುವ ಭಯಕ್ಕೆ ಆಧಾರವಿಲ್ಲ.

ವೀಳ್ಯದೆಲೆಯ ತೊಟ್ಟು, ಸೋಪಿನ ಚೂರು, ಹರಳೆಣ್ಣೆ: ನಮ್ಮ ಮನೆಗಳಲ್ಲಿ ಇವಕ್ಕೆ ದೊಡ್ಡ ಹೆಸರು. ತೊಟ್ಟು ಇಟ್ಟ ಕೂಡಲೇ ಮಗು ಹೋಗುತ್ತದೆ, ಇಟ್ಟ ಅಜ್ಜಿಗೆ ಮರ್ಯಾದೆ ಬರುತ್ತದೆ. ಗುದದ್ವಾರದ ನೋವಿಗೇ ಹೆದರಿರುವ ಮಗುವಿಗೆ ಅಲ್ಲೇ ಕೈಹಾಕಿದರೆ ಆ ಹೆದರಿಕೆಗೆ ಇನ್ನೊಂದು ಕಾರಣ ಸಿಕ್ಕಿದಂತಾಯಿತು. ಸೋಪು ಒಳಚರ್ಮವನ್ನು ಸುಡುತ್ತದೆ ಕೂಡ. ಇವನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಔಷಧಿಯಲ್ಲಿ ಎರಡು ಘಟ್ಟ. ಮೊದಲು ಮೂರರಿಂದ ಆರು ದಿನ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ಒಳಗೆ ಕೂತದ್ದನ್ನೆಲ್ಲ ಖಾಲಿ ಮಾಡಿಸುವುದು. ಆಮೇಲೆ ಕಡಿಮೆ ಪ್ರಮಾಣದಲ್ಲಿ ಕನಿಷ್ಠ ಎರಡು ತಿಂಗಳು, ಬಹಳ ಮಕ್ಕಳಿಗೆ ಅದಕ್ಕಿಂತಲೂ ಹೆಚ್ಚು ಕಾಲ, ಹಿಗ್ಗಿದ ಗುದನಾಳ ಮೊದಲಿನ ಅಳತೆಗೆ ಬರುವವರೆಗೆ ಮುಂದುವರಿಸುವುದು. ಒಂದು ತಿಂಗಳು ಯಾವ ತೊಂದರೆಯೂ ಇಲ್ಲದೆ ಕಳೆದ ಮೇಲಷ್ಟೇ ನಿಧಾನಕ್ಕೆ ಇಳಿಸಬೇಕು. ಪ್ರಮಾಣ ಮಗುವಿನ ತೂಕದ ಮೇಲೆ, ಅದನ್ನು ವೈದ್ಯರೇ ಹೇಳಬೇಕು. ವಾರಕ್ಕೇ ಸರಿಹೋಯಿತು ಎಂದು ಬಾಟಲಿ ಮುಚ್ಚಿಡುವುದರಿಂದಲೇ ಕಾಯಿಲೆ ತಿರುಗಿ ಬರುವುದು ಹೆಚ್ಚು.

ಇಲ್ಲಿ ವೈದ್ಯರು ಚೀಟಿ ಬರೆಯುವ ಮೊದಲು ಕೇಳಬೇಕಾದ ಒಂದು ಪ್ರಶ್ನೆಯಿದೆ, ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ಅದಕ್ಕೆ ಪುರುಸೊತ್ತಿರುವುದಿಲ್ಲ: ನಿಮ್ಮ ಮನೆಯ ಕಕ್ಕಸು ಎಲ್ಲಿದೆ? ಖಾಲಿ ಮಾಡಿಸುವ ಆ ಮೊದಲ ದಿನಗಳಲ್ಲಿ ಮಗು ದಿನಕ್ಕೆ ಹಲವು ಸಲ ಹೋಗುತ್ತದೆ. ಪ್ರತಿ ಸಲಕ್ಕೂ ದುಡ್ಡು ಕೊಟ್ಟು, ರಾತ್ರಿ ಬೀಗ ಬೀಳುವ ಶೌಚಾಲಯವನ್ನು ನಂಬಿದ ತಾಯಿಗೆ ಅದು ಆಗದ ಮಾತು. ಮನೆಗೆಲಸಕ್ಕೆ ಹೋಗುವವಳಾದರೆ ದಿನದ ಸಂಬಳವೂ ಹೋಗುತ್ತದೆ. ಎರಡನೇ ದಿನ ಔಷಧಿ ನಿಲ್ಲುತ್ತದೆ, ಕಡತದಲ್ಲಿ ‘ತಾಯಿ ಸಲಹೆ ಪಾಲಿಸಿಲ್ಲ’ ಎಂದು ದಾಖಲಾಗುತ್ತದೆ. ಸ್ವಚ್ಛ ಭಾರತ ನಗರ ಮಿಷನ್ನಿನ ಲೆಕ್ಕದಂತೆ ಸಮುದಾಯ ಶೌಚಾಲಯದಲ್ಲಿ 25 ಹೆಂಗಸರಿಗೆ ಒಂದು, 35 ಗಂಡಸರಿಗೆ ಒಂದು ಆಸನ ಇರಬೇಕು. ಬೆಳಗಿನ ಒಂದೂವರೆ ಗಂಟೆಯಲ್ಲಿ 25 ಜನ ಒಂದೇ ಬಾಗಿಲಿಗೆ ನಿಂತರೆ ತಲೆಗೆ ನಾಲ್ಕು ನಿಮಿಷವೂ ಸಿಗದು. ಹೊರಗಿನವರು ಬಾಗಿಲು ಬಡಿಯುತ್ತಿರುವಾಗ ನೋವಿಗೆ ಹೆದರುವ ಮಗು ಸ್ನಾಯು ಸಡಿಲ ಬಿಡುವುದೆಲ್ಲಿ ಬಂತು?

ಇದಕ್ಕೆ ಇರುವ ಉಪಾಯ ಸಣ್ಣದು. ಮನೆಯೊಳಗೇ ಒಂದು ಪ್ಲಾಸ್ಟಿಕ್ ಪಾಟಿ. ದೊಡ್ಡ ಮಗುವಾದರೆ ಎರಡು ಇಟ್ಟಿಗೆ, ನಡುವೆ ಬೂದಿಯೋ ಕಾಗದವೋ ಹಾಕಿದ ಅಗಲ ತಟ್ಟೆ, ಸುತ್ತ ಒಂದು ಹಳೆ ಸೀರೆಯ ಮರೆ. ಕುಕ್ಕರುಗಾಲು ಕರುಳಿಗೆ ಒಳ್ಳೆಯ ಭಂಗಿಯೇ, ಪಾದ ಊರಿರಬೇಕು, ಬೀಳುವ ಭಯ ಇರಬಾರದು, ಅಷ್ಟೆ. ಮಲವನ್ನು ಚರಂಡಿಗೆ ಸುರಿಯದೆ ಶೌಚಾಲಯಕ್ಕೇ ಹಾಕಿ ಕೈಯನ್ನು ಸೋಪಿನಿಂದ ತೊಳೆಯಬೇಕು. ಬೆಳಗಿನ ಸಾಲೇ ಆಗಬೇಕೆಂದಿಲ್ಲ: ಉಂಡ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ, ಆದ್ದರಿಂದ ರಾತ್ರಿ ಊಟದ ನಂತರ ಕೂರಿಸಿದರೂ ನಡೆಯುತ್ತದೆ. ಹೆಚ್ಚಿನ ಔಷಧಿಯ ದಿನಗಳನ್ನು ಮನೆಯಲ್ಲಿ ಯಾರಾದರೂ ಇರುವ ರಜೆಗೆ ಹೊಂದಿಸಿಕೊಡಿ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ.

ಇಷ್ಟೆಲ್ಲ ಹೊಂದಿಸಿ ಒಂದು ತಿಂಗಳು ದಾಟಿದಾಗ ಜೆಸಿಬಿ ಬಂದರೆ?

2013ರ ಜನವರಿ 18ರಿಂದ ಬೆಂಗಳೂರಿನ ಈಜಿಪುರದಲ್ಲಿ ನಡೆದದ್ದು ನಗರಕ್ಕೆ ಇನ್ನೂ ನೆನಪಿದೆ. ಬಡವರಿಗೆಂದು ಪಾಲಿಕೆಯೇ ಕಟ್ಟಿದ್ದ ವಸತಿ ಸಮುಚ್ಚಯದ ಕಟ್ಟಡಗಳು ಕುಸಿದ ಮೇಲೆ ಅದೇ ಜಾಗದಲ್ಲಿ ತಗಡಿನ ಶೆಡ್ಡುಗಳಲ್ಲಿ ಉಳಿದಿದ್ದ ಸುಮಾರು 1,500 ಕುಟುಂಬಗಳನ್ನು ಪೊಲೀಸ್ ಕಾವಲಿನಲ್ಲಿ ನಾಲ್ಕೇ ದಿನಗಳಲ್ಲಿ ತೆರವು ಮಾಡಲಾಯಿತು. ಆ ಜಾಗದ ಒಂದು ಭಾಗ ಮಾಲಿಗೆ ಎಂದು ನಿಗದಿಯಾಗಿತ್ತು. ಎಷ್ಟೋ ಕುಟುಂಬಗಳು ಪಕ್ಕದ ಫುಟ್‌ಪಾತಿನಲ್ಲೇ ಟಾರ್ಪಾಲು ಕಟ್ಟಿಕೊಂಡವು. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದ ವಲಸೆ ಕಾರ್ಮಿಕರ ಗುಡಿಸಲುಗಳನ್ನು ‘ಬಾಂಗ್ಲಾದವರು’ ಎಂದು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟು ಮಧ್ಯೆ ಬರಬೇಕಾಯಿತು.

ತೆರವಿನ ಸುದ್ದಿಯಲ್ಲಿ ಮುರಿದ ಗೋಡೆ, ಹರಡಿದ ಪಾತ್ರೆ ಕಾಣುತ್ತವೆ. ಮಗುವಿನ ಕರುಳು ಯಾರ ಕಣ್ಣಿಗೂ ಬೀಳುವುದಿಲ್ಲ. ನೋಟಿಸು ಬಂದ ದಿನದಿಂದಲೇ ದೊಡ್ಡವರ ಮುಖ ಗಂಟಿಕ್ಕುತ್ತದೆ, ಊಟದ ಹೊತ್ತು ತಪ್ಪುತ್ತದೆ. ನೀರಿಲ್ಲದ ಫುಟ್‌ಪಾತಿನಲ್ಲಿ ಹೆಣ್ಣುಮಕ್ಕಳು ಕತ್ತಲಾಗುವವರೆಗೆ ಕಾಯುತ್ತಾರೆ. ಹೋಗಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಬಿಡುತ್ತಾರೆ. ತಡೆದುಕೊಳ್ಳುವುದನ್ನು ಮರೆಯಲು ತಿಂಗಳುಗಟ್ಟಲೆ ಕಲಿತ ಮಗು ಅಲ್ಲಿ ಅದನ್ನು ಮತ್ತೆ ಕಲಿಯುತ್ತದೆ. ನಾನು ತೆರವನ್ನು ವಸತಿ ಇಲಾಖೆಯ ವಿಷಯ ಎಂದಷ್ಟೇ ನೋಡಲು ಒಪ್ಪದಿರುವುದು ಇದಕ್ಕೇ. ನಡೆಯುತ್ತಿದ್ದ ಚಿಕಿತ್ಸೆಯನ್ನು ನಡುವೆ ಕಡಿದುಹಾಕುವ ಕೆಲಸವೂ ಅದರಲ್ಲಿದೆ.

ಕಾನೂನು ಏನೂ ಇಲ್ಲವೆಂದಲ್ಲ. ಮುಂಬಯಿಯ ಫುಟ್‌ಪಾತ್ ವಾಸಿಗಳ ಪ್ರಕರಣದಲ್ಲಿ, 1985ರಲ್ಲಿ, ಜೀವನೋಪಾಯವೂ ಬದುಕುವ ಹಕ್ಕಿನ ಭಾಗ ಎಂದಿತು ಸುಪ್ರೀಂ ಕೋರ್ಟು. ಹಾಗೆಂದು ತೆರವನ್ನೇನೂ ತಡೆಯಲಿಲ್ಲ, ಮಳೆಗಾಲ ಕಳೆಯುವವರೆಗೆ ಮುಂದೂಡಿತು. 2024ರ ನವೆಂಬರ್ 13ರ ತೀರ್ಪಿನಲ್ಲಿ ಅದೇ ಕೋರ್ಟು ಕೆಡವುವ ಮೊದಲು 15 ದಿನದ ನೋಟಿಸು ಕೊಡಬೇಕೆಂದು ಹೇಳಿದೆ. ಆದರೆ ರಸ್ತೆ, ಫುಟ್‌ಪಾತ್, ರೈಲುಹಳಿ ಪಕ್ಕ, ನದಿ, ಕೆರೆಯಂಥ ಜಾಗಗಳಿಗೆ ಅದು ಅನ್ವಯಿಸದು. ಎಷ್ಟೋ ಬಡವರು ನೆಲೆಸಿರುವುದು ಅಲ್ಲೇ ಅಲ್ಲವೇ! ವಿಶ್ವಸಂಸ್ಥೆಯ ವಿಶೇಷ ವರದಿಗಾರರಾಗಿದ್ದ ಮಿಲೂನ್ ಕೊಠಾರಿ 2007ರಲ್ಲಿ ಮುಂದಿಟ್ಟ ಮಾರ್ಗಸೂತ್ರಗಳು ರಾತ್ರಿ, ಕೆಟ್ಟ ಹವೆಯಲ್ಲಿ, ಹಬ್ಬದ ದಿನ, ಶಾಲೆಯ ಪರೀಕ್ಷೆಗೆ ಮೊದಲು ಅಥವಾ ಪರೀಕ್ಷೆಯ ಹೊತ್ತಿನಲ್ಲಿ ತೆರವು ಕೂಡದು ಎನ್ನುತ್ತವೆ. ಅವು ನಮ್ಮ ಅಧಿಕಾರಿಗಳನ್ನು ಕಟ್ಟಿಹಾಕುವ ಕಾನೂನಲ್ಲ, ಆದರೆ ಮನವಿ ಬರೆಯುವಾಗ ಉಲ್ಲೇಖಿಸಬಹುದು. ಕರ್ನಾಟಕದಲ್ಲಿ 1973ರ ಕೊಳೆಗೇರಿ ಕಾಯ್ದೆಯಡಿ ಬಡಾವಣೆ ಘೋಷಿತವಾಗಿದೆಯೇ ಎಂಬುದನ್ನು ಮೊದಲು ರಾಜ್ಯದ ಕೊಳೆಗೇರಿ ಅಭಿವೃದ್ಧಿ ಮಂಡಳಿಯಲ್ಲಿ ತಿಳಿದುಕೊಳ್ಳಬೇಕು, ಏಕೆಂದರೆ ಘೋಷಿತ ಕೊಳೆಗೇರಿಯ ವಾಸಿಗಳಿಗೆ ಸಿಗುವ ರಕ್ಷಣೆ ಅಘೋಷಿತದವರಿಗೆ ಇಲ್ಲ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿದೆ. 15100ಕ್ಕೆ ಕರೆ ಮಾಡಬಹುದು.

ನೋಟಿಸು ಬಂದ ಮನೆಯವರು ಸಾಮಾನ್ಯವಾಗಿ ರೇಷನ್ ಕಾರ್ಡು, ಆಧಾರ್, ಹಕ್ಕುಪತ್ರ, ಕರೆಂಟ್ ಬಿಲ್ಲು ಇಟ್ಟ ಚೀಲವನ್ನು ಎತ್ತಿಡುತ್ತಾರೆ. ಅದೇ ಚೀಲಕ್ಕೆ ತಾಯಿ ಕಾರ್ಡು, ಮಗುವಿನ ಆಸ್ಪತ್ರೆ ಚೀಟಿ, ಕನಿಷ್ಠ ಎರಡು ವಾರದ ಔಷಧಿ ಸೇರಬೇಕು. ಪುಡಿಗೆ ಶುದ್ಧ ನೀರು ಬೇಕು, ಸಿರಪ್ಪನ್ನು ಹಾಗೇ ಕುಡಿಸಬಹುದು. ನೀರು ಸಿಗುವ ಭರವಸೆಯಿಲ್ಲದ ದಿನಗಳಿಗೆ ಬದಲಿಸಿಕೊಡಬಹುದೇ ಎಂದು ವೈದ್ಯರನ್ನು ಮುಂಚೆಯೇ ಕೇಳಿಡಬೇಕು. ಪಾಟಿಯನ್ನು ಬಿಟ್ಟು ಹೋಗಬೇಡಿ. ಜಾಗ ಯಾವುದೇ ಆದರೂ ಮಗುವಿಗೆ ಪರಿಚಿತವಾದ ಕಕ್ಕಸು ಅದೊಂದೇ.

ಹೊಸ ಜಾಗಕ್ಕೆ ಹೋದ ಮೊದಲ ವಾರಗಳಲ್ಲಿ ಮಗು ಮತ್ತೆ ತಡೆದುಕೊಳ್ಳಲು ತೊಡಗಿದರೆ ಬೈಯದೆ, ಔಷಧಿಯನ್ನು ಹಿಂದಿನ ಪ್ರಮಾಣಕ್ಕೆ ಏರಿಸುವುದನ್ನು ವೈದ್ಯರೊಂದಿಗೆ ಮಾತಾಡಿ. ಮೂರು ದಿನ ಹೋಗದಿದ್ದರೆ ವಾರ ಕಾಯಬೇಡಿ. ವರ್ಗಾವಣೆ ಪತ್ರ ಬಂದಿಲ್ಲ ಎಂಬ ಕಾರಣಕ್ಕೆ ಹತ್ತಿರದ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅದು ಸ್ಪಷ್ಟವಾಗಿದೆ. ಸೇರಿಸಿದ ದಿನವೇ ಮೇಷ್ಟ್ರಿಗೆ ಮಗುವಿನ ತೊಂದರೆಯನ್ನು ಹೇಳಿ, ಪಾಠದ ನಡುವೆ ಕೈಯೆತ್ತಿದರೂ ಹೊರಗೆ ಬಿಡುವಂತೆ ಕೇಳಿಕೊಳ್ಳಬೇಕು, ಶಾಲೆಯ ಶೌಚಾಲಯಕ್ಕೆ ಹಗಲು ಬೀಗ ಹಾಕಿರುತ್ತಾರೆಯೇ ಎಂದು ಒಮ್ಮೆ ಹೋಗಿ ನೋಡಬೇಕು.