ಟ್ರಾಲಿ ಹಿಡಿಯಲು ಇನ್ನೊಬ್ಬರು ಬೇಕು

ದಡದ ಕಂಬಕ್ಕೆ ಕೆಂಪು-ಬಿಳಿ ಪಟ್ಟೆಯ ಉದ್ದನೆಯ ಬಾವುಟ ಏರಿತೆಂದರೆ ರೇಸ್ ಮುಂದಕ್ಕೆ ಹೋಯಿತೆಂದು ಅರ್ಥ. ಎಷ್ಟು ಹೊತ್ತು? ಗಾಳಿ ಏಳುವ ತನಕ. ಅರ್ಧ ಗಂಟೆಯಾದೀತು, ಸಂಜೆಯೂ ಆದೀತು. ಹಾಯಿದೋಣಿ ಸ್ಪರ್ಧೆಗೆ ಬಂದ ಹುಡುಗ ಹುಡುಗಿಯರು ಆಗ ದೋಣಿಯ ನೆರಳಲ್ಲಿ ಕೂತು ಹರಟುತ್ತಾರೆ. ಒಬ್ಬಿಬ್ಬರು ಕೊಂಚ ದೂರ ಸರಿದು, ಕಾಲೇಜಿನ ಗೆಳೆಯರು ಫೋಟೊ ತೆಗೆದು ಕಳಿಸಿದ ನೋಟ್ಸನ್ನು ಮೊಬೈಲ್‌ನಲ್ಲಿ ಹಿಗ್ಗಿಸಿ ಓದುತ್ತಾರೆ. ಬಾವುಟ ಇಳಿದ ಮೇಲೆ ಓದಲು ಪುರುಸೊತ್ತಿಲ್ಲ.

ನಮ್ಮ ಕಾಲೇಜುಗಳು 75 ಪ್ರತಿಶತ ಹಾಜರಾತಿ ಕೇಳುತ್ತವೆ. ಯುರೋಪಿನ ದೊಡ್ಡ ಹಾಯಿದೋಣಿ ಸ್ಪರ್ಧೆಗಳು ಶುರುವಾಗುವುದು ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಸ್ಪೇನಿನ ಪಾಲ್ಮಾದಿಂದ. ಜೂನ್‌ನಲ್ಲಿ ಜರ್ಮನಿಯ ಕೀಲ್. ಇಲ್ಲಿ ಪರೀಕ್ಷೆಗಳು ಬರುವುದೂ ಅದೇ ಹೊತ್ತಿಗೆ. ಹಾಗಾಗಿ ಈ ಆಟವಾಡುವ ವಿದ್ಯಾರ್ಥಿಗೆ ‘ಎರಡನ್ನೂ ಸರಿದೂಗಿಸು’ ಎಂಬ ಉಪದೇಶ ಸುಲಭವಾಗಿ ಸಿಗುತ್ತದೆ. ರಜೆ ಸಿಗುವುದಿಲ್ಲ.

ಚೆನ್ನೈನ ನೇತ್ರಾ ಕುಮನನ್ ಹಾಯಿ ಹಿಡಿದದ್ದು ಬೇಸಿಗೆ ಶಿಬಿರವೊಂದರಲ್ಲಿ. ಓದಿಗೆ ಆರಿಸಿಕೊಂಡದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಅಭ್ಯಾಸಕ್ಕೆ ಹೋದದ್ದು ಅಟ್ಲಾಂಟಿಕ್ ಸಾಗರದ ಗ್ರಾನ್ ಕನಾರಿಯಾ ದ್ವೀಪಕ್ಕೆ. 2021ರ ಏಪ್ರಿಲ್‌ನಲ್ಲಿ ಒಮಾನಿನ ಮುಸಾನ್ನಾದಲ್ಲಿ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದಾಗ, ಅಲ್ಲಿಗೆ ತಲುಪಿದ ಭಾರತದ ಮೊದಲ ಮಹಿಳಾ ಸೈಲರ್ ಅವರಾದರು. ಟೋಕಿಯೊದಲ್ಲಿ 35ನೇ ಸ್ಥಾನ, ಪ್ಯಾರಿಸ್‌ನಲ್ಲಿ 21. ಪತ್ರಿಕೆಗಳಲ್ಲಿ ಅಷ್ಟೇ ಬಂತು. ಅಷ್ಟು ದೂರದ ದ್ವೀಪಕ್ಕೆ ಹೋಗಬೇಕಾದದ್ದೇಕೆ ಎಂಬುದು ನನಗೆ ಹೆಚ್ಚು ಕುತೂಹಲದ ವಿಷಯ. ಗಾಳಿಗಾಗಿ, ನಿಜ. ಆದರೆ ಗಾಳಿಯಷ್ಟೇ ಮುಖ್ಯವಾಗಿ ಜನಕ್ಕಾಗಿ.

ಓಟಗಾರನಿಗೆ ಸ್ಟಾಪ್‌ವಾಚ್ ಸಾಕು. ಹಾಯಿದೋಣಿಗೆ ಸಾಲದು. ಗಾಳಿ ಕ್ಷಣಕ್ಕೊಂದು ಬಗೆ, ಅಲೆಯೂ ಹಾಗೇ. ನಿನ್ನೆಗಿಂತ ಇಂದು ಬೇಗ ತಲುಪಿದೆ ಎಂದರೆ ನೀನು ಸುಧಾರಿಸಿದ್ದೋ ಗಾಳಿ ಸುಧಾರಿಸಿದ್ದೋ ಹೇಳುವವರಾರು? ಅದಕ್ಕೆ ಪಕ್ಕದಲ್ಲಿ ಅಂಥದ್ದೇ ಇನ್ನೊಂದು ದೋಣಿ ಬೇಕು. ಇಬ್ಬರೂ ಒಂದೇ ಗಾಳಿಯಲ್ಲಿ ಜೊತೆಜೊತೆಗೆ ಸಾಗಬೇಕು, ಒಬ್ಬರು ಹಗ್ಗವನ್ನು ಒಂದಿಷ್ಟು ಬಿಗಿದು ನೋಡಬೇಕು, ಇನ್ನೊಬ್ಬರು ಏನನ್ನೂ ಬದಲಿಸದೆ ಇರಬೇಕು, ಆಮೇಲೆ ದಡದಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿಕೊಳ್ಳಬೇಕು. ಒಲಿಂಪಿಕ್ಸ್‌ನಲ್ಲಾದರೋ ಒಂದು ವಿಭಾಗಕ್ಕೆ ಒಂದು ದೇಶದಿಂದ ಒಂದೇ ದೋಣಿ. ಅಂದರೆ ವರ್ಷವಿಡೀ ಗುಟ್ಟು ಹಂಚಿಕೊಂಡ ಸ್ವದೇಶದ ಗೆಳತಿಯೇ ಕೊನೆಗೆ ಇರುವ ಒಂದು ಜಾಗಕ್ಕೆ ಎದುರಾಳಿ. ಗುಟ್ಟು ಮುಚ್ಚಿಟ್ಟರೆ ಇಬ್ಬರೂ ಹಿಂದೆ ಬೀಳುತ್ತಾರೆ.

ಇಬ್ಬರು ಒಂದೇ ದೋಣಿಯಲ್ಲಿದ್ದರೆ ಕಥೆ ಬೇರೆ. ಕೇಳಪಂಡ ಚೆಂಗಪ್ಪ ಗಣಪತಿ ಎಂಬ ಹೆಸರು ಕೇಳಿದರೆ ಕೊಡಗಿನವರ ಕಿವಿ ನೆಟ್ಟಗಾಗುತ್ತದೆ. ಬೆಳೆದದ್ದು ಚೆನ್ನೈನಲ್ಲಿ, ಬಾಲ್ಯದ ಗೆಳೆಯ ವರುಣ್ ಠಕ್ಕರ್ ಜೊತೆ. ಇಬ್ಬರೂ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ 49er ವಿಭಾಗದ ಕಂಚು ಗೆದ್ದರು, ಟೋಕಿಯೊದಲ್ಲಿ 17ನೆಯವರಾದರು. ಈ ದೋಣಿಯ ಉದ್ದ 4.99 ಮೀಟರ್, ಅದಕ್ಕೇ ಆ ಹೆಸರು. ಹಾಯಿಯ ಹೊಡೆತಕ್ಕೆ ದೋಣಿ ಮಗುಚದಿರಲು ಇಬ್ಬರೂ ಕಂಬದಿಂದ ಇಳಿಬಿದ್ದ ತಂತಿಗೆ ಸೊಂಟ ಸಿಕ್ಕಿಸಿ, ದೋಣಿಯ ಅಂಚಿಗೆ ಕಾಲೂರಿ, ನೀರಿನ ಮೇಲೆ ಮಲಗಿದ ಹಾಗೆ ನೇತಾಡಬೇಕು. ಒಬ್ಬ ಅರೆಗಳಿಗೆ ತಡಮಾಡಿದರೂ ಇಬ್ಬರೂ ನೀರಿಗೆ. ಒಬ್ಬನಿಗೆ ಪರೀಕ್ಷೆ ಬಂದರೆ ಇಬ್ಬರ ಅಭ್ಯಾಸವೂ ನಿಲ್ಲುತ್ತದೆ. ಇನ್ನೂ ಒಂದು ಕಷ್ಟವಿದೆ, ಹೊರಗಿನವರಿಗೆ ನಗು ಬರಬಹುದು: ಇಬ್ಬರ ಒಟ್ಟು ತೂಕ ದೋಣಿಗೆ ಒಗ್ಗಬೇಕು. ಹದಿನಾರರ ಹುಡುಗ ಒಂದು ಬೇಸಿಗೆಯಲ್ಲಿ ನಾಲ್ಕಂಗುಲ ಬೆಳೆದುಬಿಟ್ಟರೆ ಜಗಳವಿಲ್ಲದೆ, ಮುನಿಸಿಲ್ಲದೆ ಜೋಡಿ ಮುರಿಯುತ್ತದೆ. ತಕ್ಕಡಿ ಮುರಿದ ಗೆಳೆತನಕ್ಕೆ ಯಾರನ್ನು ದೂರುವುದು?

ಇದೆಲ್ಲ ಕಡಲತಡಿಯ ಉಳ್ಳವರ ಆಟ ಎನ್ನುವ ಮಾತೂ ಇದೆ. ಮುಕ್ಕಾಲು ನಿಜ. ಆದರೆ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ (ಎಂಇಜಿ) ಸೈನಿಕರು ಹಾಯಿ ಬಿಚ್ಚುವುದನ್ನು ಕಂಡವರಿಗೆ ಕಡಲೇ ಬೇಕೆಂದಿಲ್ಲ ಎಂಬುದು ಗೊತ್ತು. ಮಧ್ಯಪ್ರದೇಶದ ರೈತನ ಮಗಳು ನೇಹಾ ಠಾಕೂರ್ ಕಲಿತದ್ದು ಭೋಪಾಲದಲ್ಲಿ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಹದಿನೇಳರ ಹುಡುಗಿ 11 ರೇಸ್‌ಗಳಿಂದ 32 ಅಂಕ ಗಳಿಸಿದಳು. ಇಲ್ಲಿ ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು. ಜೊತೆಗೆ ಅತಿ ಕೆಟ್ಟ ರೇಸೊಂದನ್ನು ಲೆಕ್ಕದಿಂದ ಬಿಡಲಾಗುತ್ತದೆ. ಉಳಿದ 27ಕ್ಕೆ ಬೆಳ್ಳಿ ಬಂತು. ಮೂರು ಇಂಟರ್ನಲ್ಸ್‌ನಲ್ಲಿ ಒಳ್ಳೆಯ ಎರಡನ್ನೇ ಹಿಡಿಯುವ ನಮ್ಮ ಕಾಲೇಜು ಹುಡುಗರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಸಾಮಾನ್ಯ ರೇಸ್‌ನಲ್ಲಿ ಪ್ರತಿ ದೋಣಿಯ ಹಿಂದೆ ಸೀಟಿ ಹಿಡಿದ ರೆಫರಿ ಇರುವುದಿಲ್ಲ. ತಪ್ಪು ಮಾಡಿದವರು ತಾವಾಗಿಯೇ ಒಪ್ಪಿಕೊಂಡು ದೋಣಿಯನ್ನು ಎರಡು ಸುತ್ತು ತಿರುಗಿಸಿ ದಂಡ ತೆರಬೇಕು. ಒಪ್ಪದಿದ್ದರೆ, ಅಡ್ಡ ಬಂದವಳು ಹಾಸ್ಟೆಲಿನ ರೂಮ್‌ಮೇಟೇ ಆಗಿದ್ದರೂ, ‘ಪ್ರೊಟೆಸ್ಟ್’ ಎಂದು ಕೂಗಬೇಕು. ಸಂಜೆ ವಿಚಾರಣೆ. ಮೇಜಿನ ಮೇಲೆ ಅಂಗೈಯಗಲದ ಆಟಿಕೆ ದೋಣಿಗಳು. “ನಾನು ಇಲ್ಲಿದ್ದೆ, ಇವಳು ಅಲ್ಲಿದ್ದಳು, ಗಾಳಿ ಈ ಕಡೆಯಿಂದ” ಎಂದು ಇಬ್ಬರೂ ಅವನ್ನು ಸರಿಸುತ್ತಾ ವಾದಿಸುತ್ತಾರೆ. ತೀರ್ಪುಗಾರರು ಕೇಳಿ, ಒಬ್ಬರನ್ನು ಆ ರೇಸ್‌ನಿಂದ ಅನರ್ಹಗೊಳಿಸುತ್ತಾರೆ.

ಒಬ್ಬರೇ ನಡೆಸುವ ದೋಣಿಯೂ ಸುಮಾರು 59 ಕಿಲೋ ತೂಗುತ್ತದೆ. ಅದನ್ನು ಟ್ರಾಲಿಯ ಮೇಲಿಟ್ಟು ಇಳಿಜಾರಿನಲ್ಲಿ ನೀರಿಗಿಳಿಸುವುದಾಗಲಿ ಮೇಲೆಳೆಯುವುದಾಗಲಿ ಒಬ್ಬರಿಂದ ಸುಲಭವಲ್ಲ. ಮರುದಿನ ಬೆಳಿಗ್ಗೆ ಪಟ್ಟೆ ಬಾವುಟ ಇಳಿಯುತ್ತದೆ. ನಿನ್ನೆ ಸಾಕ್ಷಿ ಹೇಳಿ ಸೋಲಿಸಿದವಳು ಪಕ್ಕದಲ್ಲೇ ನಿಂತಿರುತ್ತಾಳೆ.

“ಬಾರೇ, ಟ್ರಾಲಿ ಹಿಡಿ.”