ಕೇಳಿ ತರುವ ಸೊಪ್ಪು ದೊಡ್ಡಪತ್ರೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಗೆ ಸೊಪ್ಪು ಹಾಕದ ಗಿಡ ದೊಡ್ಡಪತ್ರೆ. ಮಲೆನಾಡು, ಕರಾವಳಿಗಳಲ್ಲಿ ಸಂಬಾರಬಳ್ಳಿ ಎಂದೂ ಕರೆಯುವ ಇದರ ಎಲೆ ಮಗುವಿನ ನೆಗಡಿಗೆ ಮದ್ದು, ಊಟಕ್ಕೆ ತಂಬುಳಿ. ಆದರೂ ಸಂತೆಯಲ್ಲಿ ಕೊತ್ತಂಬರಿ, ಪುದೀನದ ಕಟ್ಟುಗಳ ನಡುವೆ ಇದು ಕಾಣಸಿಗುವುದು ಅಪರೂಪ. ಇದು ನೆರೆಮನೆಯಲ್ಲಿ ಕೇಳಿ ತರುವ ಸೊಪ್ಪು.

ಕಾರಣ ಗಿಡದ ಸ್ವಭಾವದಲ್ಲೇ ಇದೆ. ದಪ್ಪನೆಯ, ನೀರು ತುಂಬಿದ ಎಲೆ ಒತ್ತಿದರೆ ಜಜ್ಜಿಹೋಗುತ್ತದೆ, ಒಣಗಿಸಿಡುವುದೂ ಸುಲಭವಲ್ಲ. ಬೀಜದಿಂದ ಬೆಳೆಸುವವರು ಇಲ್ಲವೆಂದೇ ಹೇಳಬೇಕು. ಗೇಣುದ್ದದ ಕಾಂಡ ಮುರಿದು, ಕೆಳಗಿನ ಎಲೆ ಕಿತ್ತು ನೆಟ್ಟರೆ ಎರಡು ಮೂರು ವಾರಗಳಲ್ಲಿ ಬೇರೂರುತ್ತದೆ. ಹೀಗೆ ಬಂದ ಗಿಡಕ್ಕೆ ತಾಯಿಗಿಡದ ವಂಶಗುಣಗಳೇ ಇರುತ್ತವೆ. ಮಗಳು ತವರಿನಿಂದ ತಂದು ನೆಟ್ಟದ್ದು ಅಜ್ಜಿಯ ಹಿತ್ತಿಲಿನ ಅದೇ ಗಿಡ ಎಂಬುದು ಸಸ್ಯಶಾಸ್ತ್ರದ ಪ್ರಕಾರವೂ ನಿಜ.

ಈ ಗಿಡಕ್ಕೆ ಶಾಸ್ತ್ರೀಯ ಹೆಸರಿಟ್ಟವನು ಪೋರ್ಚುಗೀಸ್ ಪಾದ್ರಿ ಲೊರೆಯಿರೊ. ಇಂಡೊನೇಷ್ಯದ ಅಂಬೋಯ್ನಾ ದ್ವೀಪದ ನೆನಪಿನಲ್ಲಿ 1790ರಲ್ಲಿ ಅವನು ಇದನ್ನು ‘ಕೋಲಿಯಸ್ ಅಂಬೋಯ್ನಿಕಸ್’ ಎಂದು ಕರೆದ. ಆದರೆ ಇದರ ತವರು ಆಫ್ರಿಕ, ಅರೇಬಿಯ ಹಾಗೂ ಭಾರತ ಎಂದು ಇಂದಿನ ಸಸ್ಯಶಾಸ್ತ್ರಜ್ಞರ ಎಣಿಕೆ. ಕೆರಿಬಿಯನ್ ದ್ವೀಪಗಳವರೆಗೂ ಹಬ್ಬಿದ ಇದಕ್ಕೆ ಇಂಗ್ಲಿಷಿನಲ್ಲಿ ‘ಕ್ಯೂಬನ್ ಆರೆಗಾನೊ’ ಎಂಬ ಹೆಸರೂ ಉಂಟು.

ಎಲೆ ಹೊಸಕಿದರೆ ಓಮದ ವಾಸನೆ ಬರುವುದರಿಂದ ಇದನ್ನೇ ಓಮದ ಗಿಡವೆಂದು ತಿಳಿಯುವವರು ಬಹಳ. ಓಮದ ಕಾಳು ಕೊತ್ತಂಬರಿಯ ಕುಟುಂಬದ್ದು. ದೊಡ್ಡಪತ್ರೆ ತುಳಸಿ, ತುಂಬೆಗಳ ಕುಟುಂಬಕ್ಕೆ ಸೇರಿದ್ದು. ಥೈಮಾಲ್, ಕಾರ್ವಕ್ರಾಲ್ ಎಂಬ ಎಣ್ಣೆಯಂಶಗಳು ಎರಡರಲ್ಲೂ ಇರುವುದರಿಂದ ವಾಸನೆ ಹೋಲುತ್ತದೆ, ಅಷ್ಟೆ.

ಹಸಿ ಎಲೆ ತುಸು ಒಗರು, ಖಾರ. ತಂಬುಳಿಗೆ ಹತ್ತು ಹನ್ನೆರಡು ಎಲೆಗಳನ್ನು ಜೀರಿಗೆ, ಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸುವುದು ಇದಕ್ಕಾಗಿಯೇ. ತೆಂಗಿನತುರಿ ಸೇರಿಸಿ ರುಬ್ಬಿ, ಮಜ್ಜಿಗೆ, ಉಪ್ಪು ಬೆರೆಸಿ, ಒಗ್ಗರಣೆ ಕೊಟ್ಟರಾಯಿತು. ಕುದಿಸಬಾರದು, ಮಜ್ಜಿಗೆ ಒಡೆಯುತ್ತದೆ. ಎಲೆಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಬಜ್ಜಿ.

ನೆಗಡಿ, ಕೆಮ್ಮಿಗೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ರಸ ಹಿಂಡಿ ಜೇನಿನಲ್ಲಿ ಕೊಡುವುದು, ಪಿತ್ತದ ಗಂಧೆಗೆ ಎಲೆ ಉಜ್ಜುವುದು ಹಿಂದಿನಿಂದ ಬಂದ ರೂಢಿ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನು ಕೊಡಲೇಬಾರದು. ಉಬ್ಬಸ ಕಂಡರೆ ಎಲೆ ಹುಡುಕುತ್ತ ಕೂರದೆ ವೈದ್ಯರಲ್ಲಿಗೆ ಓಡಬೇಕು.

ಬೆಳೆಸಲು ಹಿತ್ತಿಲೇ ಬೇಕೆಂದಿಲ್ಲ. ತಳದಲ್ಲಿ ತೂತಿರುವ ಕುಂಡ, ಮರಳು ಬೆರೆಸಿದ ಮಣ್ಣು, ಅರ್ಧ ದಿನದ ಬಿಸಿಲು ಸಾಕು. ಮಣ್ಣು ಒಣಗಿದ ಮೇಲಷ್ಟೇ ನೀರು. ಅತಿಯಾದರೆ ಬುಡ ಕೊಳೆಯುತ್ತದೆ. ತುದಿ ಚಿವುಟುತ್ತಿದ್ದರೆ ಗಿಡ ಪೊದೆಯಾಗುತ್ತದೆ. ಕಾಂಡ ಬಲಿತು ಎಲೆ ಸಣ್ಣದಾದಾಗ ಹೊಸ ತುಂಡು ನೆಡಬೇಕು.

ಹಿತ್ತಿಲು ಮಾಯವಾದ ಮನೆಗಳಲ್ಲಿ ದೊಡ್ಡಪತ್ರೆಯೂ ಮಾಯವಾಗುತ್ತಿದೆ. ಡಬ್ಬಿಯಲ್ಲಿ ತೆಗೆದಿಡಲು ಇದರ ಬೀಜವಿಲ್ಲ. ಊರ ಮನೆ ಮಾರುವ ಮುನ್ನ ಒಂದು ತುಂಡು ಮುರಿದು ತಂದರೆ ಆ ಗಿಡ ಉಳಿದೀತು. ಅದರಲ್ಲಿ ಇನ್ನೊಂದು ತುಂಡನ್ನು ನೆರೆಯವರಿಗೆ ಕೊಟ್ಟರೆ ಇನ್ನೂ ಭದ್ರ. ತಮ್ಮದು ಒಣಗಿದ ದಿನ ಕೇಳಿ ತರಲು ಅಲ್ಲೊಂದು ಇರುತ್ತದೆ.