ಬಿಟ್ಟ ಮೀನು ಬದುಕಿತೇ?

ಪೆರು ದೇಶದ ಕಾಬೊ ಬ್ಲಾಂಕೊ ಕಡಲಲ್ಲಿ 1953ರ ಆಗಸ್ಟ್ 4ರಂದು ಆಲ್ಫ್ರೆಡ್ ಗ್ಲಾಸೆಲ್ ಅವರ ಗಾಳಕ್ಕೆ ಬಿದ್ದ ಕಪ್ಪು ಮಾರ್ಲಿನ್ 1,560 ಪೌಂಡ್, ಎಂದರೆ ಸುಮಾರು 707 ಕೆ.ಜಿ. ತೂಗಿತು. ರಾಡು, ರೀಲು ಹಿಡಿದು ಆಡುವ ಆಟದಲ್ಲಿ ಆ ಜಾತಿಯ ದಾಖಲೆ ಇಂದಿಗೂ ಅದೇ. ಆಗೆಲ್ಲ ಆಟ ಮುಗಿಯುತ್ತಿದ್ದುದು ದಡದ ತಕ್ಕಡಿಯ ಬಳಿ. ಬಾಲಕ್ಕೆ ಹಗ್ಗ ಬಿಗಿದು ಮೀನನ್ನು ತಲೆಕೆಳಗಾಗಿ ತೂಗುಹಾಕಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಈಗ ಉಷ್ಣವಲಯದ ಅನೇಕ ಕಡೆ ಮಾರ್ಲಿನ್, ಸೈಲ್‌ಫಿಷ್‌ಗಳನ್ನು ದೋಣಿಯ ಮಗ್ಗುಲಿಗೆ ಎಳೆದು ತಂದು ಬಿಟ್ಟುಬಿಡುವುದೇ ರೂಢಿ. ಇದು ಮೆಚ್ಚಬೇಕಾದ ಬದಲಾವಣೆ. ಆದರೆ ಬಿಟ್ಟದ್ದೆಲ್ಲ ಬದುಕಿತು ಎಂದು ಲೆಕ್ಕ ಬರೆದುಕೊಳ್ಳುವುದು ತಪ್ಪು. ಕೊಕ್ಕೆ ಎಲ್ಲಿ ನಾಟಿತು ಎಂಬುದರ ಮೇಲೆ ಬಹುಮಟ್ಟಿಗೆ ಅದರ ಜೀವ ನಿಂತಿರುತ್ತದೆ.

ಇದನ್ನು ಕಣ್ಣಂದಾಜಿನಲ್ಲಿ ಹೇಳಲಾಗುವುದಿಲ್ಲ. ಬಿಟ್ಟ ಕೂಡಲೇ ಬಾಲ ಬೀಸಿ ನೀಲಿಯೊಳಗೆ ಮರೆಯಾದ ಮೀನು ಒಳಗೇ ಗಾಯಗೊಂಡಿರಬಹುದು. ಅದಕ್ಕೇ ಹೊರೊಡಿಸ್ಕಿ ಮತ್ತು ಗ್ರೇವ್ಸ್ ಎಂಬ ವಿಜ್ಞಾನಿಗಳು ಪಶ್ಚಿಮ ಅಟ್ಲಾಂಟಿಕ್‌ನಲ್ಲಿ ಹಿಡಿದ ಬಿಳಿ ಮಾರ್ಲಿನ್‌ಗಳಿಗೆ ಉಪಗ್ರಹಕ್ಕೆ ಸುದ್ದಿ ಕಳಿಸುವ ಪುಟ್ಟ ಉಪಕರಣ ಕಟ್ಟಿ ಬಿಟ್ಟರು. ಬದುಕಿದ ಮೀನು ಮೇಲೆ ಕೆಳಗೆ ಓಡಾಡುತ್ತದೆ. ಸತ್ತದ್ದು ಆಳಕ್ಕೆ ಇಳಿದು ಮತ್ತೆ ಮೇಲೆ ಬರುವುದಿಲ್ಲ. ಆಳದ ಅಳತೆಯೇ ಸಾಕ್ಷಿ. 2005ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ, ದುಂಡಗೆ ಬಾಗಿದ ಕೊಕ್ಕೆಯಲ್ಲಿ ಹಿಡಿದ 20 ಮೀನುಗಳಲ್ಲಿ 20ಕ್ಕೆ 20 ಬದುಕಿದ್ದವು. ಜೆ ಅಕ್ಷರದಂಥ ಹಳೆಯ ಕೊಕ್ಕೆಯಲ್ಲಿ ಹಿಡಿದ 20ರಲ್ಲಿ ಬದುಕಿದ್ದು 13. ಉಳಿದ ಏಳನ್ನೂ ಹಿಡಿದವರು ಬಿಟ್ಟೇ ಇದ್ದರು.

ಕೊಕ್ಕೆಯ ಬಾಗು ಇಷ್ಟು ವ್ಯತ್ಯಾಸ ಮಾಡುವುದು ಹೇಗೆ? ಜೆ ಕೊಕ್ಕೆಯ ಮೊನೆ ದಾರದ ದಿಕ್ಕಿಗೇ ನೆಟ್ಟಗೆ ನಿಂತಿರುತ್ತದೆ. ಎರೆಯನ್ನು ನುಂಗಿದ ಮೀನಿನ ಗಂಟಲಲ್ಲೋ ಜಠರದಲ್ಲೋ ಸಿಕ್ಕಿದ ಕಡೆ ಚುಚ್ಚಿಕೊಳ್ಳುತ್ತದೆ. ದುಂಡು ಕೊಕ್ಕೆಯ ಮೊನೆಯಾದರೋ ತನ್ನ ಕಾಂಡದತ್ತಲೇ ತಿರುಗಿದೆ. ದಾರ ಬಿಗಿಯಾದಾಗ ಅದು ಮೃದುವಾದ ಒಳಭಾಗದಲ್ಲಿ ಕಚ್ಚದೆ ಜಾರುತ್ತ ಬಂದು, ಮೀನು ಅತ್ತ ತಿರುಗಿದ ಕ್ಷಣಕ್ಕೆ ಬಾಯಿಯ ಮೂಲೆಯಲ್ಲಿ ಉರುಳಿ ನಾಟುತ್ತದೆ. ಇದೇನೂ ಹೊಸ ಶೋಧವಲ್ಲ. ಪೆಸಿಫಿಕ್ ದ್ವೀಪದ ಮೀನುಗಾರರು ಚಿಪ್ಪು, ಮೂಳೆಗಳಲ್ಲಿ ಇಂಥ ಕೊಕ್ಕೆಗಳನ್ನು ಬಹು ಹಿಂದೆಯೇ ಕೆತ್ತುತ್ತಿದ್ದರು. ಆದರೆ ಆಟಗಾರ ತನ್ನ ಹಳೆಯ ಅಭ್ಯಾಸವೊಂದನ್ನು ಬಿಡಬೇಕು. ಮೀನು ಕಚ್ಚಿತೆಂದು ರಾಡನ್ನು ಜಗ್ಗಿದರೆ ದುಂಡು ಕೊಕ್ಕೆ ಬಾಯಿಂದ ಈಚೆ ಬಂದೀತು. ದಾರ ಹರಿಯಲು ಬಿಟ್ಟು, ಕೆಲವು ಸೆಕೆಂಡು ಕೈ ಬಿಗಿಹಿಡಿದು ಕಾಯಬೇಕು. ಸೈಲ್‌ಫಿಷ್‌ಗೆ ಹೆಸರಾದ ಗ್ವಾಟೆಮಾಲದ ಇಸ್ತಾಪಾ ಕಡಲಲ್ಲಿ ದೋಣಿ ನಾಯಕರು ಈ ಸಂಯಮ ಕಲಿತರು. ಅಲ್ಲಿನ ಮೀನುಗಳನ್ನೂ ಒಳಗೊಂಡು 2002ರಲ್ಲಿ ಬಂದ ಅಧ್ಯಯನದಲ್ಲಿ ಜೆ ಕೊಕ್ಕೆ ಶೇ 46ರಷ್ಟು ಸೈಲ್‌ಫಿಷ್‌ಗಳ ಒಳಗೆ ಆಳವಾಗಿ ನಾಟಿತ್ತು. ದುಂಡು ಕೊಕ್ಕೆ, ಶೇ 2ರಲ್ಲಿ ಮಾತ್ರ. ಅಮೆರಿಕವು 2008ರಿಂದ ಇಂಥ ಮೀನುಗಳ ಪಂದ್ಯಗಳಲ್ಲಿ ನಿಜವಾದ ಎರೆಗೆ ದುಂಡು ಕೊಕ್ಕೆಯನ್ನೇ ಕಡ್ಡಾಯ ಮಾಡಿತು.

ಹತ್ತಾರು ಕಿಲೋಮೀಟರ್ ಉದ್ದದ ದಾರಕ್ಕೆ ಸಾವಿರಾರು ಕೊಕ್ಕೆ ಕಟ್ಟಿ ಟ್ಯೂನಾ ಹಿಡಿಯುವ ಹಡಗುಗಳು ಸಾಯಿಸುವ ಮಾರ್ಲಿನ್‌ಗಳ ಮುಂದೆ ಆಟದ ದೋಣಿಗಳದ್ದು ಏನು ಮಹಾ ಎಂದು ಕೇಳುವವರಿದ್ದಾರೆ. ಅವರ ಮಾತು ನಿಜ. ಆದರೆ ಆ ಹಡಗುಗಳು ತಾವು ಮೀನನ್ನು ಉಳಿಸುತ್ತಿದ್ದೇವೆಂದು ಹೇಳಿಕೊಳ್ಳುವುದಿಲ್ಲ, ಆಟಗಾರರು ಹೇಳಿಕೊಳ್ಳುತ್ತಾರೆ. ಹಾಗಾದ ಮೇಲೆ ಲೆಕ್ಕ ಒಪ್ಪಿಸಬೇಕಾದವರೂ ಅವರೇ. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ಮಲ್ಪೆ, ಮಂಗಳೂರಿನ ಬಂದರಿಗೂ ಸೈಲ್‌ಫಿಷ್ ಬರುತ್ತದೆ. ಅದು ಅನ್ನದ ಬಟ್ಟಲಿಗೆ ಸೇರುವುದರಿಂದ ಸಾವಿಗೊಂದು ಅರ್ಥವಿದೆ. ತಿನ್ನದೇ ಇರುವ ಮೀನನ್ನು ಬರೀ ಆಟಕ್ಕೆ ನೋಯಿಸುವುದು ಯಾವ ನ್ಯಾಯ? ಇದಕ್ಕೆ ಪೂರ್ತಿ ಸಮಾಧಾನ ಕೊಡುವ ಉತ್ತರ ನನಗೆ ಕಾಣುವುದಿಲ್ಲ. ಇಷ್ಟನ್ನು ಹೇಳಬಹುದು: ಗ್ವಾಟೆಮಾಲದ ಕಾನೂನು ಸೈಲ್‌ಫಿಷ್ ಅನ್ನು ಈ ಆಟಕ್ಕೇ ಮೀಸಲಿಟ್ಟು, ಹಿಡಿದದ್ದನ್ನು ಬಿಡಬೇಕೆಂದು ವಿಧಿಸಿದ್ದು ಜೀವಂತ ಮೀನು ಕರಾವಳಿಗೆ ದುಡಿಮೆ ತರುತ್ತದೆಂಬ ಕಾರಣಕ್ಕೆ. ಆಟ ನಿಂತರೆ ಮೀನಿನ ಪರ ವಾದಿಸುವ ಆ ದುಡಿಮೆಯೂ ನಿಲ್ಲುತ್ತದೆ. ಬಿಟ್ಟ ಇಪ್ಪತ್ತರಲ್ಲಿ ಏಳು ಮೀನು ತಳ ಸೇರುತ್ತಿದ್ದರೆ ಮಾತ್ರ ಈ ಸಮರ್ಥನೆಗೆ ಬೆಲೆಯಿಲ್ಲ.

ಕೊಕ್ಕೆ ಸರಿಯಿದ್ದರೂ ಕೊನೆಯ ನಿಮಿಷಗಳಲ್ಲಿ ಕೆಲಸ ಕೆಡಬಹುದು. ಮಾರ್ಲಿನ್, ಸೈಲ್‌ಫಿಷ್‌ಗಳು ಬಾಯಿ ತೆರೆದು ಮುಂದೆ ಈಜುತ್ತಿದ್ದರೇನೇ ಕಿವಿರುಗಳಿಗೆ ಸಾಕಷ್ಟು ನೀರು ಹಾಯುವುದು. ಬಹಳ ಹೊತ್ತು ಸೆಣಸಿ ಸೋತ ಮೀನನ್ನು ಫೋಟೊಗಾಗಿ ದೋಣಿಯೊಳಗೆ ಎತ್ತಿಕೊಂಡರೆ, ಓಡಿ ಓಡಿ ಏದುಸಿರು ಬಿಡುವವನ ಮೂಗು ಮುಚ್ಚಿದಂತೆ. ಬಲ್ಲ ನಾಯಕರು ಅದನ್ನು ನೀರಿನಿಂದ ಮೇಲೆತ್ತುವುದೇ ಇಲ್ಲ. ಒಬ್ಬರು ಅದರ ಕೊಂಬಿನಂಥ ಮೂತಿಯನ್ನು ಬಿಗಿಯಾಗಿ ಹಿಡಿದು ತಲೆಯನ್ನು ನೀರೊಳಗೇ ಇಟ್ಟುಕೊಳ್ಳುತ್ತಾರೆ. ಇನ್ನೊಬ್ಬರು ದೋಣಿಯನ್ನು ನಿಧಾನ ಮುಂದಕ್ಕೆ ನಡೆಸುತ್ತಾರೆ. ನೀರು ಬಾಯಿಯೊಳಗೆ ಹೊಕ್ಕು ಕಿವಿರಿನಿಂದ ಹೊರಬರುತ್ತದೆ. ಮಂಕಾದ ಮೈಬಣ್ಣ ಮತ್ತೆ ಗಾಢವಾಗಿ, ಬಾಲ ತಾನಾಗಿ ಬಲವಾಗಿ ಬೀಸತೊಡಗುವವರೆಗೂ ಹಿಡಿದವರು ಕೈ ಬಿಡುವುದಿಲ್ಲ.